ಸುದ್ದಿಮನೆಗೆ ಸುಸ್ಥಿರತೆ ಅಳವಡಿಸುವ ಕೈಪಿಡಿ

ಬಳಸುವ ಮುನ್ನ ಓದಿ

ನಿಮ್ಮ ಸಂಸ್ಥೆಗೆ ಸುಸ್ಥಿರತೆಯನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ಇದು ಕರೆಂಟು ತಿನ್ನುವುದಿಲ್ಲ, ಜಾಗ ಕೇಳುವುದಿಲ್ಲ, ಸದ್ದು ಮಾಡುವುದಿಲ್ಲ. ಸರಿಯಾಗಿ ಕೂರಿಸಿದರೆ ಸುದ್ದಿಮನೆಯ ಯಾವ ಕೆಲಸಕ್ಕೂ ಅಡ್ಡ ಬರದೆ ಮೂಲೆಯಲ್ಲಿ ಹಸಿರು ದೀಪ ಉರಿಸಿಕೊಂಡು ಬಿದ್ದಿರುತ್ತದೆ. ನಾರ್ವೆಯ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರಂಟ್‌ಲಂಡ್ ಅವರ ನೇತೃತ್ವದ ವಿಶ್ವಸಂಸ್ಥೆಯ ಆಯೋಗ 1987ರಲ್ಲಿ ಇದರ ಮೂಲ ಮಾದರಿಯನ್ನು ಜಗತ್ತಿನ ಮುಂದಿಟ್ಟಿತು. ಮೊಮ್ಮಕ್ಕಳ ಪಾಲಿನ ಅನ್ನಕ್ಕೆ ಕೈ ಹಾಕದೆ ನಮ್ಮ ಹೊಟ್ಟೆ ತುಂಬಿಸಿಕೊಳ್ಳಬೇಕು ಎಂಬುದು ಅದರ ಸಾರ. ಆ ಮಾದರಿಗೆ ಹಲ್ಲುಗಳಿದ್ದವು. ಸುದ್ದಿಮನೆಗೆಂದು ತಯಾರಾದ ಈ ಆವೃತ್ತಿಯಲ್ಲಿ ಸುರಕ್ಷತೆಯ ದೃಷ್ಟಿಯಿಂದ ಹಲ್ಲುಗಳನ್ನು ಕಿತ್ತು ಕೊಡಲಾಗಿದೆ.

ಕೆಲಸ ಮಾಡುವ ತತ್ವ

ಉಪಕರಣ ನಡೆಯುವುದು ಒಂದೇ ತತ್ವದ ಮೇಲೆ. ಅಭಿವೃದ್ಧಿಯ ಪುಟವೂ ಅನಾಹುತದ ಪುಟವೂ ಎಂದೂ ಮುಖಾಮುಖಿ ಆಗಬಾರದು. ಗುಡ್ಡ ಕಡಿದು ರಸ್ತೆ ಅಗಲ ಮಾಡುವ ಸುದ್ದಿ ಒಂದು ಪುಟದಲ್ಲಿ, ಸಚಿವರ ನಗುಮುಖದ ಜೊತೆ. ಅದೇ ಗುಡ್ಡ ಕುಸಿದ ಸುದ್ದಿ ನಾಲ್ಕು ಮಳೆಗಾಲ ಕಳೆದ ಮೇಲೆ ಇನ್ನೊಂದು ಪುಟದಲ್ಲಿ, ಬೇರೊಬ್ಬ ಸಚಿವರ ಸಾಂತ್ವನದ ಜೊತೆ. ಎರಡನ್ನೂ ಬರೆದ ವರದಿಗಾರ ಒಬ್ಬನೇ ಆಗಿದ್ದರೂ ಅಡ್ಡಿಯಿಲ್ಲ, ಎರಡನ್ನೂ ಒಂದೇ ಕಾಪಿಯಲ್ಲಿ ಬರೆಯದಂತೆ ನೋಡಿಕೊಂಡರೆ ಸಾಕು. ಮುಂದೆ ಬರುವ ಸೂಚನೆಗಳೆಲ್ಲ ಇದರದೇ ವಿಸ್ತರಣೆ. ಪುಟ ಬಿಡುವ ಗಡಿಬಿಡಿಯಲ್ಲಿರುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಮೊದಲ ಚಾಲನೆ: ಜೂನ್ 5

ಉಪಕರಣವನ್ನು ವರ್ಷಕ್ಕೊಮ್ಮೆ, ವಿಶ್ವ ಪರಿಸರ ದಿನದಂದು ಚಾಲೂ ಮಾಡಬೇಕು. ಈ ದಿನದ ಆಚರಣೆ ಶುರುವಾದದ್ದು 1973ರಲ್ಲಿ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಪತ್ರಿಕೆಗಳಿಗೆ ತಪ್ಪದೆ ಫೋಟೊ ಒದಗಿಸಿದ ಹಿರಿಮೆ ಇದಕ್ಕಿದೆ. ಫೋಟೊದಲ್ಲಿ ಒಂದು ಸಸಿ, ಅದನ್ನು ಹಿಡಿದ ಕನಿಷ್ಠ ಎಂಟು ಕೈಗಳು, ಕೈಗಳ ಹಿಂದೆ ಗಣ್ಯರು. ಸಸಿ ಕಾಣದೆ ಹೋದರೂ ನಡೆಯುತ್ತದೆ, ಗಣ್ಯರಲ್ಲಿ ಒಬ್ಬರ ಮುಖ ಕಾಣದೆ ಹೋದರೆ ಬೆಳಿಗ್ಗೆ ಬ್ಯೂರೊಗೆ ಫೋನ್ ಬರುತ್ತದೆ. ಹಿನ್ನೆಲೆಯಲ್ಲಿ ಪ್ಲಾಸ್ಟಿಕ್ ತ್ಯಜಿಸಿ ಎಂದು ಬರೆದ ಫ್ಲೆಕ್ಸ್ ಇರಲಿ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲದ ಜೊತೆಗೆ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿದೆ. ಆದಕಾರಣ ಫೋಟೊ ಕತ್ತರಿಸುವಾಗ ಫ್ಲೆಕ್ಸಿನ ಅಂಚು ಹೋಗಿ ಅಕ್ಷರ ಮಾತ್ರ ಉಳಿಯುವಂತೆ ಎಚ್ಚರ ವಹಿಸಿ.

ಫೋಟೊದ ಜೊತೆಗೆ ನಾಲ್ಕು ಪುಟದ ಹಸಿರು ಪುರವಣಿ ಕಡ್ಡಾಯ. ಪುರವಣಿಯ ತೂಕದ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಆದರೂ ಗೊತ್ತಿರಲಿ. ಪತ್ರಿಕೆ ಮುದ್ರಿಸುವ ಕಾಗದ ಚದರ ಮೀಟರಿಗೆ 45 ಗ್ರಾಂ ಆಸುಪಾಸು ತೂಗುತ್ತದೆ. ಬ್ರಾಡ್‌ಶೀಟಿನ ಒಂದು ಹಾಳೆ ಎಂದರೆ ನಾಲ್ಕು ಪುಟ, ಸುಮಾರು 16 ಗ್ರಾಂ. ಲಕ್ಷ ಪ್ರತಿ ಹಾಕಿದರೆ ಒಂದೂವರೆ ಟನ್ ದಾಟಿತು. ಮರ ಉಳಿಸಿ ಎಂದು ಹೇಳಲು ಇಷ್ಟು ಕಾಗದ ಬೇಕಾಗುತ್ತದೆ.

ಈ ಕಾಗದ ಎಲ್ಲಿಂದ ಬರುತ್ತದೆ ಎಂದು ಕೇಳುವ ಟ್ರೈನಿ ಯಾವ ಬ್ಯಾಚಿನಲ್ಲೂ ಒಬ್ಬ ಇರುತ್ತಾನೆ. ಅವನಿಗೆ ಭದ್ರಾವತಿಯ ಕಥೆ ಹೇಳಬೇಡಿ. ಹೇಳಿದರೆ ಅದು ಹೀಗೆ ಸಾಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1936ರಲ್ಲಿ, ಮೈಸೂರು ಪೇಪರ್ ಮಿಲ್ಸ್ ಹುಟ್ಟಿತು. ಮುಂದೆ ಸರ್ಕಾರಿ ಕಂಪನಿಯಾಗಿ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಒದಗಿಸತೊಡಗಿತು. ಕಾರ್ಖಾನೆಗೆ ಮರ ಬೇಕಲ್ಲ, ಅದಕ್ಕೆ ಮಲೆನಾಡಿನ ಸಾವಿರಾರು ಹೆಕ್ಟೇರ್ ಅರಣ್ಯಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟು ನೀಲಗಿರಿ, ಅಕೇಶಿಯಾ ಬೆಳೆಸಿದರು. ಊರ ದನ ಮೇಯುತ್ತಿದ್ದ, ಸೊಪ್ಪು ಸೌದೆ ಸಿಗುತ್ತಿದ್ದ ಜಾಗದಲ್ಲಿ ಹಕ್ಕಿಯೂ ಕೂರದ ನೆಡುತೋಪು ಎದ್ದಿತು. 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. 2020ರಲ್ಲಿ ಗುತ್ತಿಗೆಯ ಅವಧಿ ತೀರಿತು. ಉಣ್ಣುವವನೇ ಇಲ್ಲದ ಮೇಲೆ ಎಲೆ ಹಾಸುವುದೇಕೆ, ಭೂಮಿ ಕಾಡಿಗೆ ಮರಳಲಿ ಎಂದು ಯಾರಾದರೂ ಅಂದುಕೊಳ್ಳಬಹುದು. ಆದರೆ ಅದೇ ವರ್ಷ ಸುಮಾರು 20 ಸಾವಿರ ಹೆಕ್ಟೇರಿನ ಗುತ್ತಿಗೆಯನ್ನು ಇನ್ನೂ 40 ವರ್ಷಕ್ಕೆ ಮುಂದುವರಿಸಲು ಸರ್ಕಾರ ಹೊರಟಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನ ಜನ ಬೀದಿಗಿಳಿದರು.

ಈ ಕಥೆಯಲ್ಲಿ ಪತ್ರಿಕೆ ಬರಿಯ ವರದಿಗಾರನಲ್ಲ, ಗಿರಾಕಿಯೂ ಹೌದು. ಅದೇ ಕಾರಣಕ್ಕೆ ಇದನ್ನು ಶಿವಮೊಗ್ಗ ಜಿಲ್ಲಾ ಪುಟದ ಕೆಳಗಿನ ಎರಡು ಕಾಲಂ ದಾಟಲು ಬಿಡಬಾರದು. ಈಗ ನಮ್ಮ ನ್ಯೂಸ್‌ಪ್ರಿಂಟಿನ ದೊಡ್ಡ ಪಾಲು ಹೊರದೇಶಗಳಿಂದ ಬರುತ್ತದೆ. ಕಡಿದ ಕಾಡು ಕೆನಡಾದಲ್ಲೋ ರಷ್ಯಾದಲ್ಲೋ ಇರುವುದರಿಂದ ಅಲ್ಲಿಂದ ಯಾರೂ ಧರಣಿ ಕೂರಲು ಬರುವುದಿಲ್ಲ.

ಹಾಗೆಂದು ಪತ್ರಿಕೆಗಳು ಕಾಗದದ ಬಗ್ಗೆ ಬರೆದೇ ಇಲ್ಲ ಎನ್ನುವುದು ಅನ್ಯಾಯ. 2019ರ ಬಜೆಟ್‌ನಲ್ಲಿ ಆಮದು ನ್ಯೂಸ್‌ಪ್ರಿಂಟಿನ ಮೇಲೆ ಶೇ 10ರ ಸುಂಕ ಬಿದ್ದಾಗ ಭಾಷೆ, ಪಕ್ಷ, ಪೈಪೋಟಿ ಎಲ್ಲ ಮರೆತು ಒಂದಾಗಿ ಬರೆದವು. ಮರುವರ್ಷದ ಬಜೆಟ್‌ನಲ್ಲಿ ಅದು ಶೇ 5ಕ್ಕೆ ಇಳಿಯಿತು. ಬಿಡದೆ ಬರೆದರೆ ಸರ್ಕಾರ ಕೇಳಿಸಿಕೊಳ್ಳುತ್ತದೆ ಎಂಬುದಕ್ಕೆ ಇದು ಗಟ್ಟಿ ಪುರಾವೆ. ಈ ಪುರಾವೆಯನ್ನು ಕೆರೆ, ಕಾಡು, ನದಿಗಳ ವಿಷಯಕ್ಕೆ ಬಳಸಿದರೆ ವಾರಂಟಿ ರದ್ದಾಗುತ್ತದೆ.

ಮುಖ ಜೋಡಿಸುವುದು

ಸುಸ್ಥಿರತೆಗೆ ತನ್ನದೇ ಮುಖವಿಲ್ಲ, ಬೇರೆಯವರದ್ದು ತಂದು ಅಂಟಿಸಬೇಕು. ವಯಸ್ಸಾದ, ಶಾಲೆಗೆ ಹೋಗದ, ಹಳ್ಳಿಯ ಹೆಂಗಸಿನ ಮುಖ ಬಹಳ ದಿನ ಬಾಳಿಕೆ ಬರುತ್ತದೆ. ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಮರ ಬೆಳೆಸಿದ ಸಾಲುಮರದ ತಿಮ್ಮಕ್ಕ ಮತ್ತು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ, ಈ ಇಬ್ಬರ ಫೋಟೊ ಬಳಸದ ಹಸಿರು ಪುರವಣಿ ಇಲ್ಲವೇ ಇಲ್ಲ ಎನ್ನಬಹುದು. ತುಳಸಿ ಗೌಡರು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದ ನೆಲಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಪದ್ಮಶ್ರೀ ಪಡೆದ ಚಿತ್ರವನ್ನು ದೇಶದ ಎಲ್ಲ ಚಾನೆಲ್‌ಗಳೂ ತೋರಿಸಿದವು.

ಬರಿಗಾಲನ್ನು ತೋರಿಸಿ, ಕೈಯನ್ನು ಬೇಡ. ಆ ಕೈ ದಶಕಗಳ ಕಾಲ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ ಮಾಡಿದ ಕೈ. ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಎಂಬುದು ಆಕೆಗೆ ಗೊತ್ತಿತ್ತು. ಅದನ್ನು ಕೇಳಿ ಬರೆಯಲು ಅರ್ಧ ಪುಟ ಬೇಕು, ಒಂದು ವಾರ ಬೇಕು. ‘ವೃಕ್ಷಮಾತೆ’ ಎಂದು ಬರೆಯಲು ಒಂದು ಪದ ಸಾಕು.

ತಿಮ್ಮಕ್ಕನ ವಿಷಯದಲ್ಲೂ ಇಂಥದೇ ಎಚ್ಚರಿಕೆ ಇರಲಿ. ಆಕೆಗೆ ಪದ್ಮಶ್ರೀ ಬಂದದ್ದು 2019ರಲ್ಲಿ. ಅದೇ 2019ರಲ್ಲಿ ರಸ್ತೆ ಅಗಲ ಮಾಡುವ ಯೋಜನೆ ಆಕೆಯ ಮರಗಳಿಗೇ ಕುತ್ತು ತಂದಿತು. ಆ ಮುದುಕಿ ಮುಖ್ಯಮಂತ್ರಿಯವರ ಬಳಿ ಹೋಗಿ ನನ್ನ ಮರ ಉಳಿಸಿಕೊಡಿ ಎಂದು ಕೇಳಬೇಕಾಯಿತು. ಪ್ರಶಸ್ತಿಯೂ ರಸ್ತೆಯೂ ಒಂದೇ ವರ್ಷ ಬಂದ ಇಂಥ ಸಂದರ್ಭದಲ್ಲಿ ಎರಡರ ನಡುವೆ ಕಡಿಮೆಯೆಂದರೆ ಮೂರು ಪುಟದ ಅಂತರ ಕಾಪಾಡಿ. ತಿಮ್ಮಕ್ಕನಿಗೆ ಆಶ್ವಾಸನೆ ಸಿಕ್ಕಿತು, ಮುಖ ಪ್ರಸಿದ್ಧವಾಗಿತ್ತು. ಹೆಸರಿಲ್ಲದವರು ನೆಟ್ಟ ಸಾಲುಮರಗಳ ಬಗ್ಗೆ ಈ ಕೈಪಿಡಿಯಲ್ಲಿ ಸೂಚನೆ ಇಲ್ಲ.

ಶೀರ್ಷಿಕೆ ಕೊಡುವ ಕ್ರಮ

ಮಳೆ ಬಂದರೆ ವರುಣಾರ್ಭಟ. ಬಾರದಿದ್ದರೆ ವರುಣನ ಅವಕೃಪೆ. ನದಿ ಉಕ್ಕಿದರೆ ಮುನಿದ ಕಾವೇರಿ, ಗುಡ್ಡ ಜಾರಿದರೆ ಪ್ರಕೃತಿಯ ರೌದ್ರ ನರ್ತನ. ಈ ಕ್ರಮದ ಅನುಕೂಲ ಡೆಸ್ಕಿನ ಹಳಬರಿಗೆಲ್ಲ ಗೊತ್ತು. ವರುಣ ಮಾನನಷ್ಟ ಮೊಕದ್ದಮೆ ಹೂಡುವುದಿಲ್ಲ. ರಾಜಕಾಲುವೆ ಮುಚ್ಚಿದವರು, ಲೇಔಟಿಗೆ ಸಹಿ ಹಾಕಿದವರು, ಟೆಂಡರ್ ಹಿಡಿದವರು ಹೂಡುತ್ತಾರೆ.

ಗುಡ್ಡ ಕುಸಿದಾಗ

ಉಪಕರಣದ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು. ಹೆದ್ದಾರಿ ಬದಿಯ ಚಹಾದಂಗಡಿ, ನಿಂತಿದ್ದ ಲಾರಿಗಳು, ನದಿಯಾಚೆ ದಂಡೆಯ ಮನೆಗಳು ಮಣ್ಣು ನೀರಿನ ಹೊಡೆತಕ್ಕೆ ಸಿಕ್ಕವು. 11 ಮಂದಿಯ ಜೀವ ಹೋಯಿತು. ಚತುಷ್ಪಥಕ್ಕೆಂದು ಗುಡ್ಡವನ್ನು ಕಡಿದಿದ್ದ ಜಾಗ ಅದು.

ನದಿಯೊಳಗೆ ಒಂದು ಲಾರಿ ಸಿಕ್ಕಿಹಾಕಿಕೊಂಡಿತ್ತು, ಅದರ ಚಾಲಕ ಕೇರಳದವನು. ಮಲಯಾಳಂ ಚಾನೆಲ್‌ಗಳೂ ಕನ್ನಡದ ಚಾನೆಲ್‌ಗಳೂ ದಂಡೆಯಲ್ಲಿ ಬೀಡುಬಿಟ್ಟವು. ಮುಳುಗುಗಾರರು, ಡ್ರೆಡ್ಜರ್, ಸೋನಾರ್, ಲೋಹಶೋಧಕ. ದಿನಕ್ಕೊಂದು ಯಂತ್ರ, ಗಂಟೆಗೊಂದು ಬ್ರೇಕಿಂಗ್. ಲಾರಿ ಹುಡುಕುವುದು ಸುದ್ದಿಯೇ, ಅದರಲ್ಲಿ ಎರಡು ಮಾತಿಲ್ಲ, ಒಂದು ಮನೆಯವರು ತಮ್ಮವನಿಗಾಗಿ ಕಾದು ಕೂತಿದ್ದರು. ಆದರೆ ಕ್ಯಾಮೆರಾ ಎರಡು ತಿಂಗಳು ನದಿಯ ಕಡೆಗೇ ತಿರುಗಿ ನಿಂತಿತ್ತು. ಹಿಂದಕ್ಕೆ ತಿರುಗಿದ್ದರೆ ಕಡಿದ ಗುಡ್ಡ ಕಾಣುತ್ತಿತ್ತು. ಅಂಥದೇ ಕಡಿದ ಗುಡ್ಡಗಳು ಅದೇ ಹೆದ್ದಾರಿಯುದ್ದಕ್ಕೂ ಇನ್ನೂ ಎಷ್ಟಿವೆ, ಇಳಿಜಾರು ಎಷ್ಟಿರಬೇಕಿತ್ತು, ಎಷ್ಟಿದೆ, ಅದನ್ನು ಪಾಸು ಮಾಡಿದವರು ಯಾರು ಎಂದು ಒಂದೊಂದು ಕಿಲೋಮೀಟರ್ ನಡೆದು ಬರೆಯಬಹುದಿತ್ತು. ಅಂಥ ಸರಣಿಗೆ ಟಿಆರ್‌ಪಿ ಇಲ್ಲ.

ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಮರುದಿನ, ಸೆಪ್ಟೆಂಬರ್ 26ರಂದು, ರಾಜ್ಯ ಸಚಿವ ಸಂಪುಟ ಪಶ್ಚಿಮ ಘಟ್ಟದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ನಡುವೆ ಇದ್ದದ್ದು ಒಂದೇ ರಾತ್ರಿ. ಎರಡೂ ಸುದ್ದಿ ದೊಡ್ಡದಾಗಿಯೇ ಬಂದವು. ಒಂದು ಭಾವುಕ ಸುದ್ದಿಯಾಗಿ, ಇನ್ನೊಂದು ಸಂಪುಟದ ತೀರ್ಮಾನಗಳ ಪಟ್ಟಿಯಲ್ಲಿ. ಕೈಪಿಡಿಯ ತತ್ವ ಇಷ್ಟು ಚೆನ್ನಾಗಿ ಪಾಲನೆಯಾದ ಇನ್ನೊಂದು ವಾರ ನನ್ನ ನೆನಪಿನಲ್ಲಿಲ್ಲ.

ವರದಿಯ ವಿಷಯಕ್ಕೆ ಬಂದರೆ ಸ್ವಲ್ಪ ನಿಲ್ಲಬೇಕು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಜನರ ಕೈಗೆ ಅದು ಸಿಕ್ಕಿದ್ದು 2012ರಲ್ಲಿ. ಅದು ಅತಿಯಾಯಿತು ಎಂದು ಕಸ್ತೂರಿರಂಗನ್ ಸಮಿತಿ ಬಂತು, 2013ರಲ್ಲಿ ಘಟ್ಟದ ಸುಮಾರು ಶೇ 37 ಭಾಗವನ್ನು ಮಾತ್ರ ಸೂಕ್ಷ್ಮ ಪ್ರದೇಶ ಮಾಡಿದರೆ ಸಾಕು ಎಂದಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. 2014ರಿಂದ ಕೇಂದ್ರ ಕರಡು ಅಧಿಸೂಚನೆ ಹೊರಡಿಸುತ್ತಲೇ ಇದೆ. ಆರನೆಯ ಕರಡು ಬಂದದ್ದು 2024ರ ಜುಲೈ 31ಕ್ಕೆ, ವಯನಾಡಿನ ಊರುಗಳು ಮಣ್ಣಿನಡಿ ಸೇರಿದ ಮರುದಿನ.

ಕರಡಿನಲ್ಲಿ ಏನಿದೆ? ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ ನಿಷೇಧ. ಹೊಸ ಉಷ್ಣ ವಿದ್ಯುತ್ ಸ್ಥಾವರ ಮತ್ತು ಕೆಂಪು ಪಟ್ಟಿಯ ಕೈಗಾರಿಕೆ ಇಲ್ಲ. 20 ಸಾವಿರ ಚದರ ಮೀಟರಿಗಿಂತ ದೊಡ್ಡ ಕಟ್ಟಡ ಇಲ್ಲ. ಅಡಿಕೆ ತೋಟ ಕೀಳಿಸುವ ಮಾತು ಅದರಲ್ಲಿಲ್ಲ. ಆದರೂ ಮಲೆನಾಡಿನ ರೈತ, ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ ಎಂದು ಹೆದರಿದ್ದಾನೆ. ಆ ಹೆದರಿಕೆಯನ್ನು ನಾನು ಲೇವಡಿ ಮಾಡಲಾರೆ. ಅಣೆಕಟ್ಟಿಗೆ, ಅಭಯಾರಣ್ಯಕ್ಕೆ, ನೆಡುತೋಪಿಗೆ ಜಾಗ ಬಿಟ್ಟುಕೊಟ್ಟ ಜನ ಅವರು, ಸರ್ಕಾರದ ಕಾಗದ ಕಂಡರೆ ಎದೆ ಹೊಡೆದುಕೊಳ್ಳುವುದು ಸಹಜ. ಕರಡನ್ನು ಸರಳ ಕನ್ನಡದಲ್ಲಿ, ಊರು ಊರಿನ ಹೆಸರು ಹಾಕಿ, ಇದು ಮಾಡಬಹುದು ಇದು ಮಾಡಬಾರದು ಎಂದು ಅಚ್ಚು ಹಾಕುವ ಕೆಲಸ ಪತ್ರಿಕೆಯದಾಗಿತ್ತು. ಹತ್ತು ವರ್ಷ ಸಮಯವಿತ್ತು. ನಮಗೆ ಸಿಕ್ಕಿದ್ದು ‘ವರದಿಗೆ ವಿರೋಧ’, ‘ವರದಿ ಜಾರಿ ಇಲ್ಲ’ ಎಂಬ ಎರಡು ಶೀರ್ಷಿಕೆಗಳು, ಸರದಿಯ ಮೇಲೆ. ವರದಿಯನ್ನು ಓದದೆ ವರದಿಯ ಬಗ್ಗೆ ವರದಿ ಮಾಡುವ ಈ ಕಲೆ ಉಪಕರಣದ ಅತ್ಯುನ್ನತ ಬಳಕೆ.

ಆವೃತ್ತಿ ವಿಭಜನೆ

ಬೆಂಗಳೂರಿಗೆ ಒಂದು ಆವೃತ್ತಿ, ಕೊಡಗಿಗೆ ಇನ್ನೊಂದು. ಇದು ಸರ್ಕ್ಯುಲೇಷನ್ ವಿಭಾಗದವರು ಕಂಡುಹಿಡಿದದ್ದು, ಸುಸ್ಥಿರತೆಗೆ ತಾನಾಗಿ ಒದಗಿತು. ಬೆಂಗಳೂರಿನವರು ಕುಡಿಯುವ ಕಾವೇರಿ ಕೊಡಗಿನ ಮಳೆಯಲ್ಲಿ ಹುಟ್ಟಿ, ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಿನಲ್ಲಿ ಮೇಲೇರಿ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದ ಮೇಲೆ ಅಲ್ಲಿನ ಹೋಂಸ್ಟೇ, ರೆಸಾರ್ಟ್, ಬೆಟ್ಟ ಸಮತಟ್ಟು ಮಾಡುವ ಜೆಸಿಬಿಗಳ ಸುದ್ದಿ ಕ್ರಮೇಣ ಜಿಲ್ಲಾ ಪುಟಕ್ಕೆ ಸರಿಯಿತು. ಬೆಂಗಳೂರಿನ ನಲ್ಲಿಯ ಸುದ್ದಿ ಬೆಂಗಳೂರು ಪುಟದಲ್ಲಿ ಉಳಿಯಿತು. ಮಡಿಕೇರಿಯ ಓದುಗನಿಗೆ ನಲ್ಲಿ ಕಾಣುವುದಿಲ್ಲ, ಜಯನಗರದ ಓದುಗನಿಗೆ ಬೆಟ್ಟ ಕಾಣುವುದಿಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಅದು ತಾಲ್ಲೂಕಿನ ಸುದ್ದಿ. 2024ರ ಮಾರ್ಚ್ ಹೊತ್ತಿಗೆ ರಾಜಧಾನಿಯ ಅಪಾರ್ಟ್‌ಮೆಂಟುಗಳ ಬೋರ್‌ವೆಲ್ ಒಣಗಿದಾಗ ಅದೇ ಬರ ರಾಷ್ಟ್ರೀಯ ಸುದ್ದಿಯಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5 ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ಆ ವರ್ಷದ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು. ಅದೇ ಅಕ್ಟೋಬರ್‌ನಲ್ಲಿ ಯಲಹಂಕದ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು, ಮಳೆನೀರು ತುಂಬಿ. ಬಾಯಾರಿ ಸತ್ತ ಊರೇ ಏಳು ತಿಂಗಳಲ್ಲಿ ಮುಳುಗಿತು. ಮುಳುಗಿಸಿದ ನೀರು ಎಲ್ಲಿ ನಿಲ್ಲಬೇಕಿತ್ತು ಎಂಬ ಪ್ರಶ್ನೆಯನ್ನು ಡೆಸ್ಕಿನಲ್ಲಿ ಜೋರಾಗಿ ಕೇಳುವವರನ್ನು ಕ್ರೀಡಾ ಪುಟಕ್ಕೆ ವರ್ಗ ಮಾಡಿ.

ಚಾನೆಲ್‌ಗಳಿಗೆ ಒಂದು ಪ್ರತ್ಯೇಕ ಸೂಚನೆ. ಬೆಳ್ಳಂದೂರು ಕೆರೆಯ ನೊರೆಗೆ ದೃಶ್ಯವಿದೆ, ಬೆಂಕಿಗಂತೂ ಹೇಳುವುದೇ ಬೇಡ. 2018ರ ಜನವರಿಯಲ್ಲಿ ಕೆರೆಯ ಬೆಂಕಿ ಆರಿಸಲು ಸೇನೆಯ ಯೋಧರೇ ಇಳಿದದ್ದು ಎಂಥ ವಿಷುವಲ್! ಕೊಳಚೆನೀರು ಶುದ್ಧೀಕರಣ ಘಟಕಕ್ಕೆ ದೃಶ್ಯವಿಲ್ಲ. ಆದ್ದರಿಂದ ಅದು ಇಲ್ಲ.

ಹಸಿರು ಜಾಹೀರಾತಿನ ಜೊತೆ ಬಳಸುವಾಗ

ಪುಟದ ಡಮ್ಮಿ ಡೆಸ್ಕಿಗೆ ಬರುವಾಗಲೇ ಜಾಹೀರಾತಿನ ಜಾಗ ಗೆರೆ ಎಳೆದು ಬಂದಿರುತ್ತದೆ. ಉಳಿದ ಜಾಗ ಸುದ್ದಿಗೆ. ಈ ಕ್ರಮವನ್ನು ಯಾರೂ ಬಚ್ಚಿಟ್ಟಿಲ್ಲ. ಕೆರೆಯಂಗಳದಲ್ಲಿ ಎದ್ದ ‘ಲೇಕ್ ವ್ಯೂ’ ಅಪಾರ್ಟ್‌ಮೆಂಟಿನ ಜಾಕೆಟ್ ಜಾಹೀರಾತು ಬಂದ ದಿನ ಒತ್ತುವರಿಯ ಸುದ್ದಿ ಇದ್ದರೆ ಅದನ್ನು ನಾಳೆಗೆ ಇಡಿ, ನಾಳೆ ಅದು ಹಳತಾಗಿರುತ್ತದೆ. ಜಾಹೀರಾತಿನವರು ಕಾಂಕ್ರೀಟನ್ನೂ ಕಾರನ್ನೂ ಪರಿಸರಸ್ನೇಹಿ ಎಂದರೆ ನೀವು ಬೆರಗಾಗಬೇಡಿ. ಅಂಥ ಮಾತಿಗೆ ಆಧಾರ ಬೇಕು ಎಂದು ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆ ಎಎಸ್‌ಸಿಐ 2024ರ ಫೆಬ್ರುವರಿಯಿಂದ ನಿಯಮ ತಂದಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ ಹುಸಿ ಹಸಿರಿನ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ನಿಯಮಗಳು ಜಾಹೀರಾತಿಗೆ. ಅದೇ ವಾಕ್ಯ ಪ್ರೆಸ್‌ನೋಟಿನಲ್ಲಿ ಬಂದು ವಾಣಿಜ್ಯ ಪುಟದಲ್ಲಿ ಸುದ್ದಿಯಾದರೆ ಜಾಹೀರಾತಿನ ನಿಯಮ ಅಲ್ಲಿಗೆ ಎಟುಕುವುದಿಲ್ಲ. ಕಾಸು ಕೊಡದೆಯೂ ಬರುವ ಜಾಗ ಅದು.

ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022–23ರಿಂದ ತಮ್ಮ ನೀರು, ವಿದ್ಯುತ್, ತ್ಯಾಜ್ಯದ ಲೆಕ್ಕವನ್ನು ಸೆಬಿಯ ನಮೂನೆಯಲ್ಲಿ ಒಪ್ಪಿಸಬೇಕು. ಲೆಕ್ಕ ಅಂಕಿಗಳಲ್ಲಿರುತ್ತದೆ, ಹೋದ ವರ್ಷದ್ದೂ ಪಕ್ಕದಲ್ಲೇ ಇರುತ್ತದೆ, ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಓದಬೇಡಿ. ಕನ್ನಡ ದಿನಪತ್ರಿಕೆಗಳನ್ನು ನಡೆಸುವ ಕಂಪನಿಗಳಲ್ಲಿ ಹೆಚ್ಚಿನವು ಷೇರುಪೇಟೆಯಲ್ಲಿಲ್ಲ, ಹಾಗಾಗಿ ನಮ್ಮ ಮನೆಯ ಲೆಕ್ಕ ಕೇಳುವವರಿಲ್ಲ. ಕೇಳಿದರೆ ಕಚೇರಿಯ ಎಲ್‌ಇಡಿ ಬಲ್ಬು ತೋರಿಸಿ.

ಎಚ್ಚರಿಕೆ: ಉಪಕರಣಕ್ಕೆ ಹಾನಿ ತರುವ ಬಳಕೆಗಳು

ಕೆಲವರು ಈ ಉಪಕರಣವನ್ನು ಬಿಚ್ಚಿ ಒಳಗೆ ಕೈಹಾಕಿದ ಉದಾಹರಣೆಗಳಿವೆ. ಅನುಕರಿಸಬೇಡಿ.

ಲಂಡನ್ನಿನ ‘ದಿ ಗಾರ್ಡಿಯನ್’ 2020ರ ಜನವರಿಯಲ್ಲಿ ತೈಲ ಮತ್ತು ಅನಿಲ ಕಂಪನಿಗಳ ಜಾಹೀರಾತೇ ಬೇಡ ಎಂದಿತು. ಅದಕ್ಕೆ ಟ್ರಸ್ಟಿನ ಬೆನ್ನಿದೆ, ಓದುಗರ ದೇಣಿಗೆ ಇದೆ, ನಮ್ಮಲ್ಲಿ ಸಾಧ್ಯವೇ ಎಂದು ಕೇಳಿ ವಿಷಯ ಮುಗಿಸಬಹುದು. ಪುತ್ತೂರಿನ ಉದಾಹರಣೆ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ನಮ್ಮದೇ ಊರಿನದು. 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಲೇಖನಿ ಕೊಟ್ಟಿತು. ಬಿದ್ದ ಮಳೆಯನ್ನು ತೋಟದಲ್ಲೇ ಇಂಗಿಸುವುದು ಹೇಗೆ, ಕೊಳೆತು ಹೋಗುವ ಹಲಸಿಗೆ ಬೆಲೆ ತರುವುದು ಹೇಗೆ, ಕೊಳ್ಳುವವರಿಲ್ಲದ ಬಾಳೆಕಾಯಿಯನ್ನು ಮನೆಯಲ್ಲೇ ಹುಡಿ ಮಾಡುವುದು ಹೇಗೆ. ಯಾರು ಮಾಡಿದರು, ಎಷ್ಟು ಖರ್ಚಾಯಿತು, ಎಲ್ಲಿ ಎಡವಿದರು ಎಂದು ಮಾಡಿದವರಿಂದಲೇ ಬರೆಸಿತು. ಅದರಲ್ಲಿ ಸುಸ್ಥಿರತೆಯ ಪುರವಣಿ ಇಲ್ಲ. ಇಡೀ ಪತ್ರಿಕೆಯೇ ಆ ಕೆಲಸದಲ್ಲಿ ತೊಡಗಿದ್ದರೆ ಪುರವಣಿಗೆ ಏನು ಉಳಿಯುತ್ತದೆ?

ಆ ಪತ್ರಿಕೆಯ ಶ್ರೀಪಡ್ರೆಯವರು ಅದಕ್ಕೂ ಮೊದಲೇ, 1970ರ ದಶಕದ ಕೊನೆಯಲ್ಲಿ, ಕಾಸರಗೋಡಿನ ತಮ್ಮ ಸೀಮೆಯಲ್ಲಿ ಕರುಗಳು ಕಾಲು ಊನವಾಗಿ ಹುಟ್ಟುವುದನ್ನು ನೋಡಿ ಬರೆದಿದ್ದರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಊರು ಅದು. ಮುಂದೆ ಮಕ್ಕಳ ಸರದಿ ಬಂತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ ಕಡೆಗೂ ಅದೇ ಕಥೆ. ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿದ್ದು 2011ರ ಮೇ ತಿಂಗಳಲ್ಲಿ. ಮೂವತ್ತು ವರ್ಷ ದಾಟಿದ ಫಾಲೋಅಪ್ ಇದು. ಇಷ್ಟು ದೀರ್ಘ ಬಳಕೆಗೆ ನಮ್ಮ ಉಪಕರಣವನ್ನು ವಿನ್ಯಾಸ ಮಾಡಿಲ್ಲ.

ತೊಂದರೆ ಕಂಡರೆ

ವರದಿಗಾರ ಒಂದೇ ಕೆರೆಗೆ ಮೂರನೇ ಸಲ ಹೋಗಲು ಕಾರು ಕೇಳುತ್ತಿದ್ದಾನೆ: ಕಾರು ಚುನಾವಣೆಗೆ ಹೋಗಿದೆ ಎನ್ನಿ.

ತಜ್ಞರು ಮಾತು ಮುಗಿಸುತ್ತಿಲ್ಲ: ಪ್ಯಾನಲ್ಲಿನಲ್ಲಿ ಆರು ಕಿಟಕಿ ತೆರೆಯಿರಿ.

ಸ್ಟ್ರಿಂಗರ್ ಕ್ವಾರಿಯ ಲಾರಿ ಎಣಿಸಿ ಕಳಿಸಿದ್ದಾನೆ: ಇದು ಗಂಭೀರ ದೋಷ. ಅವನಿಗೆ ಸಂಬಳವಿಲ್ಲ, ಬಂದ ಸುದ್ದಿಗೆ ಇಷ್ಟು ಎಂಬ ಲೆಕ್ಕ, ತಾಲ್ಲೂಕಿನ ಜಾಹೀರಾತು ತರುವ ಹೊಣೆಯೂ ಅವನದೇ, ಕ್ವಾರಿ ಮಾಲೀಕನೇ ಅಲ್ಲಿಯ ದೊಡ್ಡ ಜಾಹೀರಾತುದಾರ. ಇಷ್ಟೆಲ್ಲ ರಕ್ಷಣೆ ಕಟ್ಟಿಯೂ ಅವನು ಲಾರಿ ಎಣಿಸಿದ್ದಾನೆಂದರೆ ಉಪಕರಣದಲ್ಲಿ ಕೊರತೆ ಇಲ್ಲ, ಆ ಮನುಷ್ಯನಲ್ಲೇ ಏನೋ ಇದೆ. ಅವನ ಹೆಸರು ಬರೆದಿಟ್ಟುಕೊಳ್ಳಿ. ಈ ಒಂದು ಸೂಚನೆಯನ್ನು ವ್ಯಂಗ್ಯವಿಲ್ಲದೆ ಬರೆದಿದ್ದೇನೆ.

ವಿಲೇವಾರಿ

ಹಸಿರು ಪುರವಣಿ ಮಾರನೆಯ ದಿನವೇ ರದ್ದಿ. ರದ್ದಿಯಂಗಡಿಯಿಂದ ಬಜ್ಜಿಯಂಗಡಿಗೆ ಅದರ ಪ್ರಯಾಣ ಮರುಬಳಕೆಯ ಆದರ್ಶ ಮಾದರಿ ಎಂದುಕೊಂಡಿದ್ದೆವು. ಮುದ್ರಣದ ಶಾಯಿ ಆಹಾರಕ್ಕೆ ಸೇರುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ನಿಯಮದಲ್ಲಿ ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟುವುದನ್ನೇ ನಿಷೇಧಿಸಿತು. ಮೆಣಸಿನಕಾಯಿ ಬಜ್ಜಿಯ ಎಣ್ಣೆ ಹೀರುವುದೊಂದೇ ನಮ್ಮ ಪುರವಣಿಯಿಂದ ಜನಕ್ಕೆ ಆಗುತ್ತಿದ್ದ ಉಪಕಾರ, ಅದಕ್ಕೂ ಕಲ್ಲು ಬಿತ್ತು.

ಕೊನೆಗೆ ಓದುಗರಿಗೆ ಎರಡು ಮಾತು, ಇದು ಕೈಪಿಡಿಯ ಭಾಗವಲ್ಲ. ನಿಮ್ಮ ಊರಿನ ರಸ್ತೆ, ಬಡಾವಣೆ, ರೆಸಾರ್ಟಿನ ಶಂಕುಸ್ಥಾಪನೆ ಸುದ್ದಿಯಾದ ದಿನ ಆ ಪುಟವನ್ನು ರದ್ದಿಗೆ ಹಾಕಬೇಡಿ. ಕತ್ತರಿಸಿ, ದಿನಾಂಕ ಬರೆದು ಎತ್ತಿಡಿ. ಯಾರು ಅಡಿಗಲ್ಲು ಹಾಕಿದರು, ಎಷ್ಟು ಕೋಟಿ, ಗುತ್ತಿಗೆ ಯಾರದು ಎಂಬುದೆಲ್ಲ ಅದರಲ್ಲೇ ಇರುತ್ತದೆ. ಅದೇ ಜಾಗದ ಹೆಸರು ಅನಾಹುತದ ಪುಟದಲ್ಲಿ ಬಂದ ದಿನ ಎರಡನ್ನೂ ಒಟ್ಟಿಗಿಟ್ಟು ಫೋಟೊ ತೆಗೆದು ಸಂಪಾದಕರಿಗೆ ಪತ್ರ ಬರೆಯಿರಿ. ಅಚ್ಚಾಗದಿದ್ದರೆ ಮತ್ತೆ ಬರೆಯಿರಿ, ನಿಮ್ಮ ಗ್ರಾಮ ಪಂಚಾಯ್ತಿಯ ನೋಟಿಸ್ ಬೋರ್ಡಿಗೂ ಒಂದು ಪ್ರತಿ ಅಂಟಿಸಿ.